ಬಿತ್ತಿಗಿ ಮುಂದ ಜಾತ್ರಿಗೆ ಹೋಗಬ್ಯಾಡ

ಮೊನ್ನೆ ಊರಿಗೆ ಹೋದಾಗ ತಿಳವಳ್ಳಿ ಬಸ್‌ಸ್ಟ್ಯಾಂಡಿನ ಚಾದಂಗಡಿ ಮುಂದೆ ನಮ್ಮ ಓಣಿಯ ಕಾಕಾ ಒಬ್ಬರು ಸಿಕ್ಕರು.

"ಏನಪಾ ತಮ್ಮಾ, ಬೆಂಗಳೂರಾಗಿನ ನೌಕರಿ ಬಿಟ್ಟೀಯಂತ?"

"ಹೂಂ ಕಾಕಾ, ಬಿಟ್ಟು ಭಾಳ ದಿನ ಆತು."

"ಮತ್ತ ಈಗೇನ್ ಮಾಡ್ತಿ?"

ಈ ಪ್ರಶ್ನೆಗೆ ನನ್ನ ಹತ್ರ ಮೂರು ಉತ್ತರ ಇವೆ. ಬೆಂಗಳೂರಿನ ಗೆಳೆಯರಿಗೆ 'ಫ್ರೀಲಾನ್ಸ್ ಡಿಸೈನರ್' ಅಂತೀನಿ. ಬ್ಯಾಂಕಿನವರಿಗೆ 'ಸೆಲ್ಫ್ ಎಂಪ್ಲಾಯ್ಡ್' ಅಂತೀನಿ, ಅವರು ಅಲ್ಲಿಗೇ ಲೋನಿನ ಮಾತು ಮುಗಿಸ್ತಾರೆ. ಊರಲ್ಲಿ 'ಕಂಪ್ಯೂಟರ್ ಕೆಲಸ' ಅಂದು ಪಾರಾಗ್ತೀನಿ. ಕಾಕಾ ಬಿಡಲಿಲ್ಲ. ಹಾಗಾಗಿ ಬಿಡಿಸಿ ಹೇಳಿದೆ: ಮೊಬೈಲಿನ ಆ್ಯಪ್ ನೋಡೋಕೆ ಹೇಗಿರಬೇಕು, ಯಾವ ಬಟನ್ ಎಲ್ಲಿರಬೇಕು, ಅಕ್ಷರ ಎಷ್ಟು ದಪ್ಪ ಇರಬೇಕು ಅಂತ ನಾನು ಚಿತ್ರ ಮಾಡಿ ಕೊಡ್ತೀನಿ, ಒಂದೇ ಕಂಪನಿಗಲ್ಲ, ಕರೆದವರಿಗೆಲ್ಲ.

ಕಾಕಾ ಚಾ ಕಪ್ಪು ಕೆಳಗಿಟ್ಟು, "ಹಂಗಂದ್ರ ಗುತ್ತಿಗಿ ಹಿಡೀತಿ ಅನ್ನು" ಅಂದರು. ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳೋಕೆ ಬರದಿದ್ದ ನನ್ನ ಉದ್ಯೋಗ ಒಂದೇ ಪದದಲ್ಲಿ ಮುಗಿದುಹೋಯಿತು.

"ಗುತ್ತಿಗಿ ಆದ್ರ ಚೊಲೊ ಬಿಡು. ಕೆಲಸ ಇದ್ದಾಗ ಕೆಲಸ, ಇಲ್ಲದಾಗ ತಿರಗಾಡಾಕ ಯಾರ್ ಅಡ್ಡಿ?"

ಕಾಕಾ ಚಾ ಕುಡಿಯುತ್ತ ಹೇಳಿದ ಈ ಮಾತು ನನಗೆ ಅರ್ಥ ಆಗೋಕೆ ಒಂದು ವರ್ಷ ಮತ್ತು ಎಂಬತ್ತು ಸಾವಿರ ರೂಪಾಯಿ ಹಿಡಿದಿತ್ತು.

ನಾನು ಓದಿದ್ದು ಬಿಇ, ಕಂಪ್ಯೂಟರ್ ಸೈನ್ಸ್. ಬೆಂಗಳೂರಿನಲ್ಲಿ ಏಳು ವರ್ಷ ಕೋಡ್ ಬರೆದೆ. ಬರೆಯುತ್ತ ಬರೆಯುತ್ತ ಕೋಡಿಗಿಂತ ಪರದೆ ಹೇಗೆ ಕಾಣುತ್ತೆ ಅನ್ನೋದರ ಮೇಲೆ ಮನಸ್ಸು ಹೋಗಿ ಡಿಸೈನ್ ಕಲಿತೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಎಲ್ಲರ ಹಾಗೆ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಊರಿಗೆ ಬಂದೆ. ಪಡಸಾಲೆಯಲ್ಲಿ ಭತ್ತದ ಚೀಲದ ಪಕ್ಕ ಕೂತು ಮೀಟಿಂಗ್ ಮಾಡಿದೆ. ಇಲ್ಲಿ ಕೂತು ಕೆಲಸ ಮಾಡಬಹುದು ಅಂದಮೇಲೆ ಎಲ್ಲಿ ಕೂತರೂ ಮಾಡಬಹುದಲ್ಲ ಅನ್ನೋ ಹುಳ ತಲೆಗೆ ಬಿದ್ದದ್ದು ಆಗ. 2021ರಲ್ಲಿ ರಾಜೀನಾಮೆ ಕೊಟ್ಟೆ.

ಸಮುದ್ರದ ದಂಡೆ, ಆರಾಮ ಕುರ್ಚಿ, ತೊಡೆಯ ಮೇಲೆ ಲ್ಯಾಪ್‌ಟಾಪ್. ಆ ಫೋಟೋ ನೀವೂ ನೋಡಿರ್ತೀರಿ. ನಾನು ಅದನ್ನು ನಂಬಿ ಗೋಕರ್ಣಕ್ಕೆ ಹೋದವನು. ಬಿಸಿಲಿಗೆ ಪರದೆ ಕಾಣೋದಿಲ್ಲ. ಕೀಬೋರ್ಡಿನ ಸಂದಿಗೆಲ್ಲ ಉಸುಕು. ಸಂಜೆ ಸೂರ್ಯ ಮುಳುಗೋದು ನೋಡೋಣ ಅಂದರೆ ಅದು ಸರಿಯಾಗಿ ಜರ್ಮನಿಯ ಕ್ಲೈಂಟಿನ ಮಧ್ಯಾಹ್ನ. ಅವರ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ತಾಸು ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಮೆರಿಕದವರಾದರೆ ನಮ್ಮ ರಾತ್ರಿಯೇ ಅವರ ಹಗಲು. ರಾತ್ರಿ ಹನ್ನೆರಡರವರೆಗೆ ಮೀಟಿಂಗ್ ಮಾಡಿ ಬೆಳಿಗ್ಗೆ ಐದಕ್ಕೆ ಗುಡ್ಡ ಹತ್ತೋದು ಎರಡು ದಿನ ಚೆಂದ, ಮೂರನೇ ದಿನ ಗುಡ್ಡವೂ ಬೇಡ, ಮೀಟಿಂಗೂ ಬೇಡ ಅನಿಸುತ್ತೆ. ಗೋಕರ್ಣದಲ್ಲಿ ಐದು ದಿನ ಇದ್ದೆ. ನೆನಪಿರೋದು ಲಾಡ್ಜಿನ ರೂಮಿನ ಪ್ಲಗ್ ಪಾಯಿಂಟು ಮಾತ್ರ.

ಆದರೂ ಬುದ್ಧಿ ಬರಲಿಲ್ಲ. ಬಂದದ್ದು 2022ರ ಜುಲೈನಲ್ಲಿ.

ಒಂದು ಸಹಕಾರ ಸಂಘಕ್ಕೆ ಕನ್ನಡದಲ್ಲಿ ಆ್ಯಪ್ ಮಾಡುತ್ತಿದ್ದ ಸಣ್ಣ ಕಂಪನಿಯೊಂದು ನನಗೆ ಪರದೆಗಳ ಕೆಲಸ ಕೊಟ್ಟಿತ್ತು. ಕನ್ನಡದಲ್ಲಿ ಡಿಸೈನ್ ಮಾಡೋದರ ಕಷ್ಟ ಮಾಡಿದವರಿಗೇ ಗೊತ್ತು. ಇಂಗ್ಲಿಷಿನ ಅಕ್ಷರ ಬಹುಪಾಲು ಗೆರೆಯ ಮೇಲೆ ಸುಮ್ಮನೆ ಕೂರುತ್ತೆ, ನಾಲ್ಕೈದಕ್ಕೆ ಮಾತ್ರ ಕೆಳಗೊಂದು ಬಾಲ. ನಮ್ಮದು ಹಾಗಲ್ಲ. ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು, 'ರಾಷ್ಟ್ರ' ಅಂದರೆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ಕೊಟ್ಟರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತೆ. ಈ ಆ್ಯಪಿನಲ್ಲಿ ಹಾಗೇ ಆಗಿತ್ತು. ಸಾಲದ ಪರದೆಯಲ್ಲಿ 'ಬಡ್ಡಿ ದರ' ಅನ್ನೋದರ ಒತ್ತು ಹಾರಿಹೋಗಿ 'ಬಡಿ ದರ' ಅಂತ ಕಾಣುತ್ತಿತ್ತು.

ಶುಕ್ರವಾರ ಫೋನ್ ಬಂತು. "ಸೋಮವಾರ ಸಂಘದ ಹಿರಿಯರ ಮುಂದೆ ಡೆಮೊ ಇದೆ ಸರ್. ಎಲ್ಲ ಪರದೆಗಳ ಅಳತೆ ಸರಿ ಮಾಡಿ ಶನಿವಾರ ರಾತ್ರಿಯೊಳಗೆ ಕೊಡಿ, ಭಾನುವಾರ ನಮ್ಮ ಹುಡುಗರು ಕೋಡಿಗೆ ಹಾಕ್ತಾರೆ." ಮೂರು ತಾಸಿನ ಕೆಲಸ. ಒಪ್ಪಿಕೊಂಡೆ. ಅವತ್ತೇ ಕೂತು ಮುಗಿಸಬಹುದಿತ್ತು. ಆದರೆ ಶನಿವಾರ ಬೆಳಿಗ್ಗೆ ಗೆಳೆಯರ ಜೊತೆ ಕೊಡಚಾದ್ರಿಗೆ ಹೊರಡೋದಿತ್ತು, ಬ್ಯಾಗ್ ತುಂಬೋದಿತ್ತು. ಮೇಲೆ ಹೋಗಿ ರಾತ್ರಿ ಕೂತು ಮಾಡಿದರಾಯ್ತು ಅಂದುಕೊಂಡೆ.

ಆನವಟ್ಟಿ, ಸೊರಬ, ಸಾಗರದ ಮೇಲೆ ಬೈಕಿನಲ್ಲಿ ಹೋದೆವು. ದಾರಿಯಲ್ಲಿ ಮಂಜು ಮುಸುಕಿದ ಗುಡ್ಡದ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಮೇಲೆ ಹೋದಮೇಲೆ ಮಳೆ ಹಿಡೀತು ನೋಡಿ, ಹಿಡಿದದ್ದು ಬಿಡಲಿಲ್ಲ. ಕರೆಂಟಿಲ್ಲ. ಫೋನಿಗೆ ಸಿಗ್ನಲ್ಲಿಲ್ಲ. ನಾನು ಕೆಲಸ ಮಾಡೋ ಫಿಗ್ಮಾ ಇಂಟರ್‌ನೆಟ್ ಇದ್ದರೇ ತೆರೆಯೋದು. ಲ್ಯಾಪ್‌ಟಾಪ್ ಎದುರಿಗಿಟ್ಟುಕೊಂಡು ಎರಡು ರಾತ್ರಿ ಬರೀ ಮಳೆ ಕೇಳಿದೆ.

ಸೋಮವಾರ ಮಧ್ಯಾಹ್ನ ಕೆಳಗಿಳಿದಾಗ ಹನ್ನೊಂದು ಮಿಸ್ಡ್ ಕಾಲ್. ಡೆಮೊ ಮುಗಿದಿತ್ತು. ಸಂಘದ ಹಿರಿಯರು, ದಿನಾ ಬಡ್ಡಿ ಲೆಕ್ಕ ನೋಡುವವರು, ಮೊದಲ ಪರದೆಯಲ್ಲೇ 'ಬಡಿ ದರ' ಓದಿ ನಕ್ಕರಂತೆ. ಒಬ್ಬರು, "ಸಾಲ ಕಟ್ಟದಿದ್ರೆ ಬಡೀತೀರೇನ್ರಿ?" ಅಂತ ಕೇಳಿದರಂತೆ.

ತಪ್ಪು ಒಪ್ಪಿಕೊಳ್ಳಬೇಕಿತ್ತು. ನಾನೇನು ಮಾಡಿದೆ? "ಊರಲ್ಲಿ ಮೂರು ದಿನದಿಂದ ಕರೆಂಟಿಲ್ಲ ಸರ್" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ತಣ್ಣಗೆ, "ಗುಡ್ಡದ ಫೋಟೋ ಚೆನ್ನಾಗಿತ್ತು ಸರ್" ಅಂದರು.

ಬೈದಿದ್ದರೆ ಇಷ್ಟು ನೆನಪಿರುತ್ತಿರಲಿಲ್ಲ. ಮಾಡಿದಷ್ಟು ಕೆಲಸಕ್ಕೆ ದುಡ್ಡು ಕೊಟ್ಟರು. ಎರಡನೇ ಹಂತದ ಕೆಲಸ, ಎಂಬತ್ತು ಸಾವಿರದ್ದು, ಬೇರೆಯವರಿಗೆ ಹೋಯಿತು.

ಆ ಎಂಬತ್ತು ಸಾವಿರಕ್ಕೆ ಒಂದು ಲೆಕ್ಕ ಇತ್ತು. ಅಪ್ಪನ ಎಡಗಣ್ಣಿಗೆ ಪೊರೆ ಬಂದಿತ್ತು. ಆಗಸ್ಟಿನಲ್ಲಿ ಹುಬ್ಬಳ್ಳಿಗೆ ಕರಕೊಂಡು ಹೋಗಿ ಆಪರೇಷನ್ ಮಾಡಿಸ್ತೀನಿ ಅಂತ ನಾನೇ ಹೇಳಿದ್ದೆ. ಈಗ ಹೋಗಿ "ದೀಪಾವಳಿ ಆಗಲಿ ಅಪ್ಪಾ" ಅಂದೆ. ಈ ಸಲ ಸುಳ್ಳು ಹೇಳೋ ಧೈರ್ಯ ಬರಲಿಲ್ಲ, ಆದದ್ದೆಲ್ಲ ಹೇಳಿದೆ. ಅಪ್ಪ ಸಿಟ್ಟಾಗಲಿಲ್ಲ. ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಒಂದು ಪ್ರಶ್ನೆ ಕೇಳಿದರು.

"ನಾವು ಉಳವಿಗೆ ಚಕ್ಕಡಿ ಕಟ್ಟತಿದ್ವಲ್ಲ, ಯಾವಾಗ ಕಟ್ಟತಿದ್ವಿ ಹೇಳು?"

"ಭಾರತ ಹುಣ್ಣಿವಿಗೆ."

"ಯಾಕ?"

"ಜಾತ್ರಿ ಆವಾಗ ಇರ್ತತಿ, ಅದಕ್ಕ."

"ಹುಚ್ಚಪ್ಪ, ಜಾತ್ರಿ ಆವಾಗ್ಯಾಕ ಇಟ್ಟಾರ? ಸುಗ್ಗಿ ಮುಗದಿರ್ತತಿ. ಎತ್ತಿಗೆ ಕೆಲಸ ಇರೂದಿಲ್ಲ. ಮಳಿ ಇರೂದಿಲ್ಲ. ಬಿತ್ತಿಗಿ ಮುಂದ ಯಾರರ ಜಾತ್ರಿಗೆ ಹೋಗ್ತಾರನು?"

ಉಳವಿ ಚನ್ನಬಸವಣ್ಣನ ಜಾತ್ರೆಗೆ ನಮ್ಮ ಕಡೆಯಿಂದ, ಧಾರವಾಡ ಬೆಳಗಾವಿ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಹೋಗೋದು ನಾನೂ ಚಿಕ್ಕಂದಿನಿಂದ ನೋಡಿದ್ದೆ. ರೊಟ್ಟಿ ಗಂಟು, ಎತ್ತಿಗೆ ಮೇವು, ದಾರಿಯುದ್ದಕ್ಕೂ ವಸ್ತಿ. ದಿನಗಟ್ಟಲೆ ತಿರುಗಾಟ. ಅದನ್ನು ನಾನು ಭಕ್ತಿ ಅಂತ ಮಾತ್ರ ತಿಳಿದಿದ್ದೆ. ಹೊಲದವನ ರಜೆ ಅದು ಅಂತ ಹೊಳೆದದ್ದು ಅವತ್ತು. ಅಪ್ಪ ಯಾವತ್ತೂ ಹೊಲದ ಕೆಲಸವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಜಾತ್ರೆಗೆ ಹೋದವರಲ್ಲ. ಕೆಲಸದ ದಿನ ಕೆಲಸ, ಜಾತ್ರೆಯ ದಿನ ಜಾತ್ರೆ. ನಾನು ದಿನದೊಳಗೆ ಎರಡನ್ನೂ ತುರುಕೋಕೆ ಹೋಗಿದ್ದೆ. ಅಪ್ಪ ವರ್ಷದೊಳಗೆ ಎರಡಕ್ಕೂ ಜಾಗ ಮಾಡಿದ್ದರು.

ಆಮೇಲೆ ನಾನೂ ನನ್ನ ವರ್ಷವನ್ನು ಹಾಗೆ ಹಂಚಿಕೊಂಡೆ. ಕೆಲಸ ಹಿಡಿಯುವಾಗಲೇ ಮೊದಲ ಮೇಲಿನಲ್ಲಿ 'ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಾನು ಸಿಗೋದಿಲ್ಲ' ಅಂತ ಬರೀತೀನಿ. ಇದರಿಂದ ಕೆಲಸ ಕೈಬಿಟ್ಟದ್ದು ಒಂದೇ ಒಂದು ಸಲ. ಅರ್ಧ ದುಡ್ಡು ಮುಂಗಡ. ಕೊನೆಯ ಫೈಲು ಕಳಿಸಿ ಎರಡು ದಿನ ಮನೆಯಲ್ಲೇ ಇರ್ತೀನಿ, ತಿದ್ದುಪಡಿ ಬಂದೇ ಬರುತ್ತೆ. ಬಿಲ್ಲಿನಲ್ಲಿ ಶೇ. 10 ಟಿಡಿಎಸ್ ಹಿಡಿದುಕೊಂಡೇ ದುಡ್ಡು ಬರೋದು, ಅದು ವಾಪಸ್ ಬರೋದಿದ್ದರೂ ರಿಟರ್ನ್ ಹಾಕಿದ ಮೇಲೆ. ಹಾಗಾಗಿ ಕೈಗೆ ಬಂದದ್ದರಲ್ಲಿ ಮೂರನೇ ಒಂದು ಭಾಗ ಮುಟ್ಟೋದಿಲ್ಲ. ಅದು ಬೀಜದ ಕಾಳು ಇದ್ದಂಗೆ, ಹಸಿವಾಯಿತು ಅಂತ ತಿನ್ನುವ ಹಾಗಿಲ್ಲ.

ಇನ್ನೊಂದು ದಾರಿಯೂ ಇದೆ. ಅದು ಹೊಳೆದದ್ದು ನಮ್ಮೂರಿನ ಶಾಂತೇಶ್ವರ ಗುಡಿಯಲ್ಲಿ. ಹದಿಮೂರನೇ ಶತಮಾನದ, ಸೇವುಣರ ಕಾಲದ ಗುಡಿ ಅದು. ಚಿಕ್ಕವನಿದ್ದಾಗ ಅದರ ಕಂಬಗಳ ನಡುವೆ ಕಣ್ಣಾಮುಚ್ಚಾಲೆ ಆಡಿದ್ದೇನೆ. ಒಂದು ಸಂಜೆ ಅಲ್ಲಿ ಕೂತಾಗ ಬಳ್ಳಿಗಾವಿಯ ದಾಸೋಜನ ನೆನಪಾಯಿತು. ಬಳ್ಳಿಗಾವಿ ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನದು. ಅಲ್ಲಿಯ ದಾಸೋಜ, ಅವನ ಮಗ ಚಾವಣ ಇಬ್ಬರೂ ದೂರದ ಬೇಲೂರಿಗೆ ಹೋಗಿ ಚೆನ್ನಕೇಶವನ ಗುಡಿಗೆ ಮದನಿಕೆಯರನ್ನು ಕೆತ್ತಿ, ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಆ ಗುಡಿಯ ಪ್ರತಿಷ್ಠೆ ಆದದ್ದು 1117ರಲ್ಲಿ. ಗುತ್ತಿಗೆಯ ಡಿಸೈನರುಗಳು, ಒಂಬೈನೂರು ವರ್ಷದ ಹಿಂದೆ! ಅವರು ಬಳ್ಳಿಗಾವಿಯ ಕೆಲಸವನ್ನು ಬೇಲೂರಿಗೆ ಹೊತ್ತು ಒಯ್ಯಲಿಲ್ಲ. ಕೆಲಸ ಎಲ್ಲಿತ್ತೋ ಅಲ್ಲಿಗೆ ಹೋದರು.

ನಾನೂ ಈಗ ಹಾಗೇ ಹೋಗ್ತೀನಿ. ರೈತರಿಗೆ ದರ ತೋರಿಸುವ ಒಂದು ಆ್ಯಪಿನ ಕೆಲಸ ಬಂದಾಗ ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಮೂರು ದಿನ ಸೀನುತ್ತ ಓಡಾಡಿದೆ. ಉರಿಬಿಸಿಲಲ್ಲಿ ನಿಂತು, ಫೋನನ್ನು ಕೈಯುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ಓದುವ ಹಿರಿಯರನ್ನು ನೋಡಿದೆ. ನಾನು ಎಸಿ ರೂಮಿನಲ್ಲಿ ಚೆಂದ ಕಾಣುತ್ತೆ ಅಂತ ಇಟ್ಟಿದ್ದ ತಿಳಿಬೂದು ಅಕ್ಷರ ಅವರಿಗೆ ಕಾಣುತ್ತಲೇ ಇರಲಿಲ್ಲ. ಎಲ್ಲವನ್ನೂ ಕಪ್ಪು ಮಾಡಿದೆ, ದೊಡ್ಡದು ಮಾಡಿದೆ. ಗೋಕರ್ಣದ ಐದು ದಿನಕ್ಕಿಂತ ಈ ಮೂರು ದಿನ ಚೆನ್ನಾಗಿ ನೆನಪಿವೆ.

ಅಪ್ಪನ ಆಪರೇಷನ್ ದೀಪಾವಳಿ ಆದಮೇಲೆ ಆಯಿತು. ಪಟ್ಟಿ ಬಿಚ್ಚಿ ವಾರವಾದ ಮೇಲೆ, "ನೀ ಏನ್ ಮಾಡ್ತಿ ಅಂತ ಒಂದಿನಾನೂ ತೋರಿಸಿಲ್ಲ, ತಾ ಇಲ್ಲಿ" ಅಂದರು. ಸಾಲದ ಪರದೆಯ ಹಳೇ ಫೈಲು ಇನ್ನೂ ಫೋನಿನಲ್ಲಿತ್ತು. ಯಾರೂ ಕೇಳದಿದ್ದರೂ ಅದರ ಸಾಲಿನ ಎತ್ತರ ನಾನು ಸರಿ ಮಾಡಿಟ್ಟಿದ್ದೆ. ಅಪ್ಪ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ಅ-ಸ-ಲು. ಬಡ್-ಡಿ." ಒತ್ತು ಒತ್ತಿಯೇ ಓದಿದರು. ಆಮೇಲೆ, "ಛಲೋ ಕಾಣ್ತತಿ" ಅಂದರು. ಆ್ಯಪ್ ಛಲೋ ಅಂದರೋ ಕಣ್ಣು ಛಲೋ ಅಂದರೋ ನಾನು ಕೇಳಲಿಲ್ಲ.

ಮುಂದಿನ ಭಾರತ ಹುಣ್ಣಿಮೆಗೆ ಅಪ್ಪ ಅವ್ವನನ್ನು ಉಳವಿಗೆ ಕರಕೊಂಡು ಹೋದೆ. ಚಕ್ಕಡಿ ಇಲ್ಲ, ಬಾಡಿಗೆ ಕಾರು. ಹೊರಡುವ ಮುಂಚೆ ಅಪ್ಪ ಕಾರಿನ ಬಾಗಿಲು ಹಿಡಿದು ನಿಂತು ಕೇಳಿದರು.

"ಕೆಲಸ ಮುಗಿಸೀಯಿಲ್ಲೋ?"

"ಮುಗಿಸೀನಿ. ಮೊನ್ನೆನ ಕಳಿಸೀನಿ."

"ಖರೇ?"

"ಖರೇ ಅಪ್ಪಾ."

"ಹಂಗಾರ ನಡಿ" ಅಂದು ಒಳಗೆ ಕೂತರು. ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು, ಭತ್ತದ ಚೀಲದ ಪಕ್ಕ.