ಮೂಗುತಿ ಡಬ್ಬಿ

ಹೋದ ಶನಿವಾರ ಮನೆ ಗುಡಿಸೋವಾಗ, ಮಗಳು ಮಾಲೂರಿನ ನಮ್ಮ ತೋಟದಾಗೆ ಆಯ್ದು ಕೂಡಿಟ್ಟಿದ್ದ ಬಸವನ ಹುಳದ ಖಾಲಿ ಚಿಪ್ಪುಗಳ್ನ ಕಸ ಅಂತ ತಿಪ್ಪೆಗೆ ಹಾಕ್ಬಿಟ್ಟೆ. ಸಂಜೆ ಕಾಲೇಜಿಂದ ಬಂದವಳು ಅತ್ತೇಬಿಟ್ಲು.

"ಹುಳಾನೇ ಇಲ್ಲ, ಬರೀ ಚಿಪ್ಪಿಗ್ಯಾಕೆ ಅಳ್ತೀಯೇ?" ಅಂದೆ.

ಸುರುಳಿ ಎಷ್ಟು, ಬಾಯಿ ಬಲಕ್ಕೋ ಎಡಕ್ಕೋ, ಎತ್ತರ ಅಗಲ ಎಷ್ಟು ಮಿಲಿಮೀಟರು, ಇದನ್ನೆಲ್ಲಾ ಬರೆದು ಹೊಸ ಜಾತಿಗೆ ಹೆಸರಿಡ್ತಾರಂತೆ. 1850ರಲ್ಲಿ ಬೆನ್ಸನ್ ಅನ್ನೋ ಕಂಪನಿ ಸರ್ಕಾರದ ಅಧಿಕಾರಿ ಪಶ್ಚಿಮ ಘಟ್ಟದ ಒಂದು ಹುಳಕ್ಕೆ 'ಆಂಪುಲ್ಲಾ' ಅಂತ ಹೆಸರಿಟ್ರಂತೆ. ಲ್ಯಾಟಿನ್ನಾಗೆ ಹಂಗಂದ್ರೆ ಹೊಟ್ಟೆ ದಪ್ಪನ ಬುಡ್ಡಿ. ಹೆಸರಿಗೆ ಆಧಾರವಾದ ಚಿಪ್ಪನ್ನ ಮ್ಯೂಸಿಯಮ್ಮಿನಾಗೆ ಜೋಪಾನ ಮಾಡ್ತಾರಂತೆ.

ಟಾರ್ಚ್ ಹಿಡ್ಕೊಂಡು ಇಬ್ಬರೂ ತಿಪ್ಪೆ ಕೆದಕಿದ್ವಿ. ಮೂರು ಸಿಕ್ಕಿದ್ವು. ಒಂದರ ಬಾಯಂಚು ಮುರಿದಿತ್ತು. ಮೂರನ್ನೂ ತೊಳ್ದು, ಹತ್ತಿ ಹಾಸಿ, ನನ್ನ ಮೂಗುತಿ ಡಬ್ಬಿಯಾಗೆ ಇಟ್ಟಿದ್ದೀನಿ.