ದಿಗಂತದ ಗೆರೆ

ಜುಲೈ 4, ಗುರುವಾರ. ಮರ್ರೀ

ಅಡಿಲೇಡ್ ಬಿಟ್ಟು ಉತ್ತರಕ್ಕೆ 650 ಕಿ.ಮೀ.ಗೂ ಹೆಚ್ಚು ಬಂದಾಯಿತು. ನಾಳೆಯಿಂದ ಊಡ್ನಡಾಟಾ ಟ್ರ್ಯಾಕ್, ಮಣ್ಣುದಾರಿ. 1980ರಲ್ಲಿ ಹಳೆಯ ಘಾನ್ ರೈಲು ನಿಂತ ಮೇಲೆ ಈ ಊರು ಸೊರಗಿದೆ. ಎಂಜಿನ್‌ಗಳು ಮಾತ್ರ ಬಿಸಿಲಿಗೆ ನಿಂತಿವೆ. ಬಂದವರೆಲ್ಲ ಅವುಗಳ ಫೋಟೊ ತೆಗೆಯುತ್ತಾರೆ, ನಾನೂ ತೆಗೆದೆ. ತುಕ್ಕು, ಕೆಮ್ಮಣ್ಣು, ಸಂಜೆಬಿಸಿಲು ಮೂರಕ್ಕೂ ಒಂದೇ ಬಣ್ಣ. ಯಾರು ತೆಗೆದರೂ ಚೆನ್ನಾಗಿಯೇ ಬರುತ್ತದೆ, ಅದಕ್ಕೇ ನನಗೆ ರುಚಿಸದು.

ಒಂಟೆಯವರ ಹಳೆಯ ಮಸೀದಿಯ ಮಾದರಿಯೊಂದು ಇಲ್ಲಿದೆ. ರೈಲಿಗೆ ಮೊದಲು ಈ ನಾಡಿನ ಸರಕೆಲ್ಲ ಅವರ ಒಂಟೆಗಳ ಬೆನ್ನ ಮೇಲೆ. ಎಲ್ಲರನ್ನೂ ‘ಆಫ್ಘನ್ನರು’ ಎಂದುಬಿಟ್ಟರು. ಅವರಲ್ಲಿ ಬಲೂಚಿಗಳು, ಸಿಂಧಿಗಳು, ಪಂಜಾಬಿಗಳೂ ಇದ್ದರು.

ಜುಲೈ 5, ಶುಕ್ರವಾರ. ಹ್ಯಾಲಿಗನ್ ಬೇ

ಇವತ್ತು ಮಣ್ಣೆತ್ತಿನ ಅಮಾವಾಸ್ಯೆ. ವಿಜಯಪುರದ ಕಡೆ ಎತ್ತಿನ ಪೂಜೆ. ನನಗೆ ಬೇಕಾಗಿದ್ದದ್ದು ಕತ್ತಲೆ.

ವಿಲಿಯಂ ಕ್ರೀಕ್‌ನಿಂದ ಟೈರಿನ ಗಾಳಿ ಇಳಿಸಿಕೊಂಡು, ಕುಲುಕಾಡುತ್ತ ಬಂದು ದಂಡೆ ಮುಟ್ಟಿದಾಗ ಮಧ್ಯಾಹ್ನ ಮೂರು. ಕಾಟಿ ತಾಂಡಾ–ಲೇಕ್ ಐರ್ ಹೆಸರಿಗೆ ಸರೋವರ, ಹೆಚ್ಚಿನ ವರ್ಷ ಉಪ್ಪಿನ ಬಯಲು. ಇದರ ತೀರಾ ತಗ್ಗಾದ ಜಾಗ ಸಮುದ್ರಮಟ್ಟಕ್ಕಿಂತ ಸುಮಾರು 15 ಮೀಟರ್ ಕೆಳಗಿದೆ. ದೂರದ ಕ್ವೀನ್ಸ್‌ಲೆಂಡ್‌ನಲ್ಲಿ ಜೋರು ಮಳೆಯಾದರೆ ನೀರು ವಾರಗಟ್ಟಲೆ ಹರಿದು ಇಲ್ಲಿಗೆ ಬರುತ್ತದೆ. ಇಲ್ಲಿಂದ ಮುಂದೆ ಅದಕ್ಕೆ ದಾರಿಯಿಲ್ಲ. ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ.

ಕೆಳಗೆ ಬಿಳಿ, ಮೇಲೆ ನೀಲಿ, ನಡುವೆ ಒಂದು ಗೆರೆ. ಫೋಟೊ ತೆಗೆಯುವವನಿಗೆ ಬಂಡವಾಳ ಇಷ್ಟೇ. ಎಷ್ಟು ದೊಡ್ಡದು ಎಂದು ಹೇಳಲು ಒಂದು ಮರವೂ ಇಲ್ಲ. ಅದಕ್ಕೇ ಕೆಲವರು ನಡುವೆ ಗಾಡಿಯನ್ನೋ ಕೆಂಪು ಅಂಗಿಯ ಮನುಷ್ಯನನ್ನೋ ತಂದು ನಿಲ್ಲಿಸುತ್ತಾರೆ. ಆದರೆ ಉಪ್ಪಿನ ಮೇಲೆ ಕಾಲಿಡಬೇಡಿ ಎಂದು ಅರಬಾನ ಜನ ಕೇಳಿಕೊಂಡಿದ್ದಾರೆ. ಈ ನೆಲದ ಮೇಲಿನ ಅವರ ಹಕ್ಕನ್ನು ನ್ಯಾಯಾಲಯ ಮನ್ನಿಸಿದ್ದು 2012ರಲ್ಲಿ. ಇವಳಿಗೆ ಕೆಂಪು ಶಾಲು ಹೊದಿಸಿ ಬಯಲಿಗೆ ಅಟ್ಟುವ ಯೋಚನೆ ಅಲ್ಲಿಗೆ ಮುಗಿಯಿತು. (ಕೇಳಿದ್ದರೂ ಅವಳು ಹೋಗುತ್ತಿರಲಿಲ್ಲ.)

ಮರ್ರೇ ಫ್ರೆಡೆರಿಕ್ಸ್ ಈ ಬಯಲಿನ ನಡುವೆ ಡೇರೆ ಹಾಕಿ ವರ್ಷಗಟ್ಟಲೆ ತೆಗೆದ ‘ಸಾಲ್ಟ್’ ಚಿತ್ರಗಳನ್ನು ನೋಡಿದಾಗಿನಿಂದ ಈ ಗೆರೆ ನನ್ನ ತಲೆಯಲ್ಲಿ ಕೂತಿದೆ. ಚೌಕಟ್ಟನ್ನು ಮೂರು ಪಾಲು ಮಾಡಿ ಗೆರೆಯನ್ನು ಅಲ್ಲಿಡು ಇಲ್ಲಿಡು ಎನ್ನುವ ಕ್ಯಾಮೆರಾ ಕ್ಲಬ್ಬಿನ ಪಾಠ ಇಲ್ಲಿ ನಡೆಯದು. ಗೆರೆಯನ್ನು ತೀರಾ ಕೆಳಕ್ಕೆ, ಅಂಚಿಗೆ ತಾಗುವಷ್ಟು ತಳ್ಳಿದಾಗಲೇ ಬಯಲಿನ ಅಗಲ ಗೊತ್ತಾದದ್ದು.

ಸೂರ್ಯ ಮುಳುಗಿದ್ದು ಬೆನ್ನ ಹಿಂದೆ. ಅದಾದ ಮೇಲೆ ಪೂರ್ವದಲ್ಲಿ, ಉಪ್ಪಿನ ಅಂಚಿನಿಂದ, ಬೂದುನೀಲಿ ಪಟ್ಟಿಯೊಂದು ಮೇಲೇಳತೊಡಗಿತು: ಭೂಮಿಯದೇ ನೆರಳು ಗಾಳಿಯ ಮೇಲೆ ಬಿದ್ದದ್ದು. ಅದರ ಮೇಲೆ ನಸುಗೆಂಪು. ಊರುಗಳಲ್ಲಿ ಮನೆ, ಮರ, ಧೂಳು ಇದನ್ನು ನುಂಗಿಬಿಡುತ್ತವೆ. ಇಲ್ಲಿ ಎಡದಿಂದ ಬಲಕ್ಕೆ ಕತ್ತು ತಿರುಗಿಸಿದಷ್ಟೂ ಅದೇ. ಹದಿನೈದು ಇಪ್ಪತ್ತು ನಿಮಿಷ ಇದ್ದಿರಬೇಕು. ಇವತ್ತಿನ ಒಳ್ಳೆಯ ಚಿತ್ರಗಳೆಲ್ಲ ಆ ಹೊತ್ತಿನವು.

ಏಳು ಗಂಟೆ ದಾಟುತ್ತಲೇ ಆಕಾಶಗಂಗೆ ಸರೋವರದ ಮೇಲೆ ಓರೆಯಾಗಿ ಎದ್ದಿತ್ತು. ಐಎಸ್‌ಒ 3200, ಎಫ್ 2.8, ಇಪ್ಪತ್ತು ಸೆಕೆಂಡು. ಆಗಲೇ ತೆಗೆದುಕೊಂಡದ್ದು ಒಳ್ಳೆಯದಾಯಿತು. ಇಲ್ಲಿನ ಅಕ್ಷಾಂಶ ದಕ್ಷಿಣಕ್ಕೆ ಸುಮಾರು 29. ಆಕಾಶಗಂಗೆಯ ನಡುಭಾಗವೂ ಆಕಾಶದಲ್ಲಿ ಅಷ್ಟೇ ದಕ್ಷಿಣಕ್ಕಿದೆ. ಹೀಗಾಗಿ ಹನ್ನೊಂದರ ಹೊತ್ತಿಗೆ ಅದು ಸರಿಯಾಗಿ ನೆತ್ತಿಯ ಮೇಲೆ! ಊರಲ್ಲಿ ಮಾಳಿಗೆ ಮೇಲೆ ಮಲಗಿದರೆ ದಕ್ಷಿಣಕ್ಕೆ ಅರ್ಧ ಎತ್ತರದಲ್ಲಿ ಕಾಣುತ್ತಿದ್ದ ಚೇಳು ಇಲ್ಲಿ ತಲೆಯ ಮೇಲೇ. ನೆತ್ತಿಯನ್ನೂ ನೆಲವನ್ನೂ ಒಂದೇ ಚೌಕಟ್ಟಿಗೆ ತರುವುದು ಹೇಗೆ? ಕ್ಯಾಮೆರಾ ಚೀಲಕ್ಕೆ ಹೋಯಿತು. ನಕ್ಷತ್ರಗಳ ನಡುವಿನ ಕಪ್ಪುಗಳಲ್ಲಿ ಈ ಖಂಡದ ಮೂಲನಿವಾಸಿಗಳು ಕಾಣುವ ಎಮು ಹಕ್ಕಿ ಅಂಗಾತ ಮಲಗಿದವನಿಗೆ ಸುಲಭವಾಗಿ ಸಿಕ್ಕಿತು. ತಲೆ ದಕ್ಷಿಣ ಶಿಲುಬೆಯ ಪಕ್ಕ, ಮೈಯೆಲ್ಲ ಚೇಳಿನ ಕಡೆಗೆ.

ವಿಪರೀತ ಚಳಿ. ಎರಡು ಕಂಬಳಿ ಸಾಲದು.

ಜುಲೈ 6, ಶನಿವಾರ. ವಿಲಿಯಂ ಕ್ರೀಕ್

ಒಂದು ಹೋಟೆಲ್, ಒಂದು ವಿಮಾನದಾರಿ, ಕೈಬೆರಳಲ್ಲಿ ಎಣಿಸುವಷ್ಟು ಮಂದಿ. ಊರಿನ ಸುತ್ತ ಆನಾ ಕ್ರೀಕ್ ಎಂಬ ದನದ ಫಾರ್ಮು, 15,000 ಚದರ ಕಿ.ಮೀ.ಗೂ ಹೆಚ್ಚು. ನಮ್ಮ ಇಡೀ ವಿಜಯಪುರ ಜಿಲ್ಲೆ ಅದರೊಳಗೆ ಹಿಡಿಸುತ್ತದೆ.

ಇವಳ ಒತ್ತಾಯಕ್ಕೆ ಪುಟ್ಟ ವಿಮಾನ ಹತ್ತಿದೆವು. ಕೆಳಗೆ ಉಪ್ಪು, ಕೆಸರು, ಒಣಹಳ್ಳಗಳ ಕವಲು; ಎಲ್ಲಿ ಕ್ಲಿಕ್ಕಿಸಿದರೂ ಚಿತ್ರ. “ನಿನ್ನೆಯ ನಿಮ್ಮ ಗೆರೆಗಿಂತ ಇದು ಎಷ್ಟೋ ಚೆಂದ” ಅಂದಳು. ಚೆಂದವೇ, ಇಲ್ಲವೆನ್ನಲಾರೆ. ಆದರೆ ಅದು ಇಳಕಲ್ ಸೀರೆಯ ಚೆಂದ: ಯಾವ ಕಡೆ ತಿರುಗಿಸಿ ಹಿಡಿದರೂ ನಡೆಯುತ್ತದೆ. ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದೇ ಅದರಲ್ಲಿಲ್ಲ. ಭೂದೃಶ್ಯಕ್ಕೆ ನಿಂತ ಕಾಲು ಬೇಕು ಎಂದು ವಾದಿಸಿದೆ. “ಕಾಲು ನೋಯ್ತಾವ್ರೀ” ಎಂದು ನಕ್ಕಳು.

ಜುಲೈ 9, ಮಂಗಳವಾರ. ಅಡಿಲೇಡ್

ಲೆನ್ಸಿನ ಉಂಗುರದೊಳಗೆ ಸೇರಿದ ಕೆಂಪು ಧೂಳು ಇನ್ನೂ ಕರಕರ ಅನ್ನುತ್ತಿದೆ. ಹಾಲ್‌ಗೆ ವಿಮಾನದಿಂದ ತೆಗೆದ ಚಿತ್ರ ಎಂದು ತೀರ್ಮಾನವಾಗಿದೆ. ನನ್ನ ಗೆರೆಗೆ ಓದುವ ಕೋಣೆ. ಅದನ್ನು ಒಂದೂವರೆ ಮೀಟರ್ ಅಗಲಕ್ಕಾದರೂ ಪ್ರಿಂಟ್ ಹಾಕಿಸಬೇಕು. ಚಿಕ್ಕದಾದರೆ ಖಾಲಿ ಹಾಳೆ ಅನ್ನಿಸುತ್ತದೆ.

ಅವ್ವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ರಾತ್ರಿ ಫೋನ್ ಬಂತು.

“ಎಷ್ಟ ಎಕರೆ ಐತಿ ಇದು?”

“ಇಪ್ಪತ್ಮೂರು ಲಕ್ಷದ ಮ್ಯಾಲೆ ಆಗ್ತೈತಿ ಬೇ.”

“ಒಬ್ಬರೂ ಬಿತ್ತಿಲ್ಲೇನು?”

ಉಪ್ಪು ಅಂದೆ. ಮತ್ತೆ ಅಲ್ಲಿಗೆ ಹೋಗಿ ಮಾಡಿದ್ದೇನು ಎಂದು ಕೇಳಿದಳು.