ನಡುವಿನ ತುಂಡು

ನಮ್ಮ ಪದವಿ ಬಿ.ಎಸ್ಸಿ.; ಕಸುಬು ಕೇಂದ್ರ ಸರ್ಕಾರದ ಗುಮಾಸ್ತಗಿರಿ. ಇವೆರಡಕ್ಕೂ ಏನು ಸಂಬಂಧವೆಂದು ಓದುಗರು ಕೇಳಿದರೆ ನಾವು ಮೌನಿಗಳು. ನಮ್ಮ ತಂದೆಯವರೂ ಅದನ್ನೇ ಕೇಳುತ್ತಿದ್ದರು. ಅವರು ಹಾಸನದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದವರು. 1975ರ ಏಪ್ರಿಲಿನಲ್ಲಿ ನಮ್ಮ ಪೀಣ್ಯದಲ್ಲಿ ತಯಾರಾದ ‘ಆರ್ಯಭಟ’ ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿದಾಗ ಇಡೀ ತರಗತಿಗೆ ಕಲ್ಲುಸಕ್ಕರೆ ಹಂಚಿದವರು. ಅಂಥವರ ಮಗ ದೆಹಲಿಯಲ್ಲಿ ಕಡತಕ್ಕೆ ಟ್ಯಾಗು ಪೋಣಿಸುತ್ತಾನೆಂದರೆ ಹೇಗಿರಬೇಡ!

2006ರ ಡಿಸೆಂಬರಿನಲ್ಲಿ ಕಣ್ಣಿನ ಪೊರೆ ತೆಗೆಸಲು ಅವರು ನಮ್ಮಲ್ಲಿಗೆ ಬಂದರು. ಆಪರೇಷನ್ ಸುಸೂತ್ರವಾಗಿ ಆಯಿತು. ಆದರೆ ಕೆಲವು ದಿನ ಪೇಪರು, ಟಿ.ವಿ. ಎರಡೂ ಕೂಡದೆಂದು ಡಾಕ್ಟರರ ಅಪ್ಪಣೆ. ಅದೇ ಹೊತ್ತಿಗೆ ‘ಡಿಸ್ಕವರಿ’ ಷಟಲ್ ನೌಕೆ ಅಂತರಿಕ್ಷ ನಿಲ್ದಾಣ ಕಟ್ಟುವ ಕೆಲಸಕ್ಕೆ ಏಳು ಮಂದಿಯೊಡನೆ ಹೊರಟು ನಿಂತಿತ್ತು. ಏಳರಲ್ಲೊಬ್ಬರು ಸುನಿತಾ ವಿಲಿಯಮ್ಸ್. ಅಪ್ಪನಿಗೆ ಚಡಪಡಿಕೆ. ಕೊನೆಗೆ ನಮ್ಮಾಕೆ, “ನೀವೇ ಓದಿ ಹೇಳಬಾರದೇ? ಬಿ.ಎಸ್ಸಿ. ಇನ್ಯಾತಕ್ಕೆ?” ಎಂದಳು. ಅಪ್ಪನೊಡನೆ ನಮ್ಮ ಮಾತು ಅಲ್ಲಿಯವರೆಗೆ “ಊಟ ಆಯ್ತೇ”, “ಆಯ್ತು” ಎಂಬಲ್ಲಿಗೆ ಮುಗಿಯುತ್ತಿತ್ತು.

ಮೊದಲ ಪ್ರಯತ್ನ ಮೋಡದ ದೆಸೆಯಿಂದ ಮುಂದಕ್ಕೆ ಹೋಯಿತು. “ಅಲ್ಲೂ ನಿಮ್ಮ ಆಫೀಸಿನ ಹಾಗೇ” ಎಂದರು ಅಪ್ಪ. ಡಿಸೆಂಬರ್ 10ರ ಭಾನುವಾರ ಬೆಳಿಗ್ಗೆ 7 ಗಂಟೆ 17 ನಿಮಿಷಕ್ಕೆ ಅದು ಏರಿತು. ಫ್ಲಾರಿಡಾದಲ್ಲಿ ಆಗಿನ್ನೂ ಶನಿವಾರದ ರಾತ್ರಿ. 2003ರಲ್ಲಿ ‘ಕೊಲಂಬಿಯಾ’ ಸುಟ್ಟು, ನಮ್ಮ ನೆರೆಯ ಕರ್ನಾಲಿನ ಕಲ್ಪನಾ ಚಾವ್ಲಾ ಮತ್ತು ಅವರ ಆರು ಜೊತೆಗಾರರು ತೀರಿಕೊಂಡ ಮೇಲೆ ರಾತ್ರಿ ಹೊತ್ತಿನ ಉಡಾವಣೆ ಇದೇ ಮೊದಲು. “ಏರಿತೇನೋ? ಸರಿಯಾಗಿ ನೋಡಿ ಹೇಳು” ಎಂದು ಅಪ್ಪ ನಾಲ್ಕು ಸಲ ಕೇಳಿದರು. ಏರಿತೆಂದಾಗ ಕಾಫಿ ಲೋಟ ಎತ್ತಿಕೊಂಡರು.

“ಹೊತ್ತುಕೊಂಡು ಹೋದದ್ದೇನು?”

ನಾವು ಪೇಪರು ನೋಡಿ ಹೇಳಿದೆವು. ಅದರ ಹೆಸರು ಪಿ-5. ಮೂರು ಮೀಟರಿಗೆ ತುಸು ಮೇಲೆ ಉದ್ದ, ಸುಮಾರು 1,800 ಕಿಲೋ ತೂಕ. ಅದಕ್ಕೆ ಸೌರಫಲಕವಿಲ್ಲ, ಒಳಗೆ ಮನುಷ್ಯರು ಇರುವಂತಿಲ್ಲ. ತೊಲೆಯ ಎರಡು ಭಾಗಗಳ ನಡುವೆ ಕೂತು, ಅತ್ತಣ ಫಲಕ ಇತ್ತಣದ್ದಕ್ಕೆ ತಾಗದಂತೆ ಅಂತರ ಕಾಯುವುದಷ್ಟೇ ಅದರ ಕೆಲಸ.

“ಗುಮಾಸ್ತ ಅನ್ನು” ಎಂದರು ಅಪ್ಪ.

ಅಡಿಗೆಮನೆಯಲ್ಲಿ ನಮ್ಮಾಕೆ ನಕ್ಕದ್ದು ಕೇಳಿಸಿತು. ನಮಗೆ ನಗು ಬರಲಿಲ್ಲ.

ಆದರೂ ಓದು ನಡೆಯಿತು. 12ರಂದು ರಾಬರ್ಟ್ ಕರ್ಬೀಮ್ ಮತ್ತು ಸ್ವೀಡನ್ನಿನ ಕ್ರಿಸ್ಟರ್ ಫ್ಯೂಗ್ಲಸಾಂಗ್ ಹೊರಗೆ ತೇಲುತ್ತ ಪಿ-5ಅನ್ನು ಬಿಗಿದರು. ಆಮೇಲೆ ಬಂತು ನಿಜವಾದ ತಾಪತ್ರಯ. 2000ದಲ್ಲಿ ಬಿಚ್ಚಿದ್ದ, ಸುಮಾರು 35 ಮೀಟರು ಉದ್ದದ ಹಳೆಯ ಸೌರಫಲಕವೊಂದನ್ನು ಮಡಚಬೇಕಿತ್ತು. ಅದು ಸರಿಯದೆ ಹೊಸ ಫಲಕಗಳು ಸೂರ್ಯನ ಜೊತೆ ತಿರುಗುವಂತಿಲ್ಲ. ಹಾರ್ಮೋನಿಯಂ ತಿದಿಯಂತೆ ಮಡಚಿಕೊಳ್ಳಬೇಕಾದ ಫಲಕ ಅರ್ಧದಲ್ಲಿ ತಂತಿಗೆ ಸಿಕ್ಕಿ ನಿಂತಿತು. ಕೆಳಗಿನಿಂದ ಎಷ್ಟು ಆಜ್ಞೆ ಕಳಿಸಿದರೂ ಜಪ್ಪಯ್ಯ ಎನ್ನಲಿಲ್ಲ.

“ಕೈಲಿ ಹಿಡಿದು ಅಲ್ಲಾಡಿಸಬೇಕು, ಅಷ್ಟೇ” ಎಂದರು ಅಪ್ಪ. ನಾವು ಮನಸ್ಸಿನಲ್ಲೇ ನಕ್ಕೆವು. 16ರಂದು ಸುನಿತಾ ಮತ್ತು ಕರ್ಬೀಮ್ ಮಾಡಿದ್ದು ಅದನ್ನೇ! ಇನ್ನಷ್ಟು ಮಡಿಕೆ ಬಿಟ್ಟಿತು. 18ರಂದು, ಯೋಜನೆಯಲ್ಲೇ ಇಲ್ಲದ ನಾಲ್ಕನೆಯ ನಡಿಗೆಯಲ್ಲಿ, ಕರ್ಬೀಮ್ ಮತ್ತು ಫ್ಯೂಗ್ಲಸಾಂಗ್ ಆರೂವರೆ ಗಂಟೆಗೂ ಹೆಚ್ಚು ಹೊತ್ತು ಹೊರಗಿದ್ದು ಉಳಿದದ್ದನ್ನು ಒಂದೊಂದಾಗಿ ಬಿಡಿಸಿದರು.

ಆ ಸಂಜೆ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ನೀನು ದಿನಾ ಆಫೀಸಲ್ಲಿ ಮಾಡೋದೇನು? ಅದನ್ನೂ ಹೀಗೇ ಹೇಳು” ಎಂದರು. ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಅವರು ಕೇಳಿದ್ದು ಅದೇ ಮೊದಲು.

ಹೇಳಿದೆವು. ನಮ್ಮದು ಪಿಂಚಣಿಯ ಕಡತಗಳು. ತೀರಿಕೊಂಡ ಪ್ಯೂನೊಬ್ಬನ ಹೆಂಡತಿಯ ಕಡತ ಎರಡು ವಿಭಾಗಗಳ ನಡುವೆ ಹದಿನಾಲ್ಕು ತಿಂಗಳು ನಿಂತಿತ್ತು. ಗಂಡನ ಹೆಸರು ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಜ್ಞಾಪನಾಪತ್ರಗಳಿಂದ ಏನೂ ಆಗಲಿಲ್ಲ. ಕೊನೆಗೆ ನಾವೇ ಕಡತ ಹಿಡಿದು ಮೇಜಿನಿಂದ ಮೇಜಿಗೆ ಮೂರು ದಿನ ಅಲೆದೆವು.

“ಆ ಹೆಂಗಸಿಗೆ ದುಡ್ಡು ಬಂತೇ?”

“ಬಂತು. ಬಾಕಿಯೆಲ್ಲ ಸೇರಿ ಬಂತು.”

“ಇದನ್ನು ಯಾಕೋ ನನಗೆ ಹೇಳಲಿಲ್ಲ?”

ನೀವು ಕೇಳಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ, ನಾವಾಗಿಯೂ ಹೇಳಿರಲಿಲ್ಲವಲ್ಲ.

22ರಂದು ನೌಕೆ ಭೂಮಿಗಿಳಿಯಿತು; ಸುನಿತಾ ನಿಲ್ದಾಣದಲ್ಲೇ ಉಳಿದರು. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರು.

ಮುಂದಿನ ವರ್ಷ ದೀಪಾವಳಿಯ ಹೊತ್ತಿಗೆ ಊರಿನಿಂದ ಫೋನು ಬಂತು. ಕ್ಷೇಮಸಮಾಚಾರವಿಲ್ಲ, ಪೀಠಿಕೆಯಿಲ್ಲ. “ಪೇಪರ್ ನೋಡಿದೆಯೇನೋ? ಆ ಮಡಚಿದ ಫಲಕದ ಭಾಗಾನ ತಂದು ನಿನ್ನ ತುಂಡಿನ ತುದಿಗೇ ಕೂಡಿಸಿದಾರೆ. ಅದಿಲ್ಲದಿದ್ದರೆ ಆಗ್ತಿರಲಿಲ್ಲವಂತೆ” ಎಂದರು. ಅದು ನಿಜವೂ ಹೌದು. 2007ರ ಅಕ್ಟೋಬರ್ 30ರಂದು ಪಿ-6 ಅಲ್ಲಿಗೆ ಬಂದು ಸೇರಿತ್ತು.

ಷಟಲ್‌ಗಳು 2011ರಲ್ಲಿ ನಿವೃತ್ತವಾದವು. ಅಪ್ಪ ಈಗಿಲ್ಲ. ಒಮ್ಮೊಮ್ಮೆ ಮುಸ್ಸಂಜೆ ನಿಲ್ದಾಣವು ದೊಡ್ಡ ನಕ್ಷತ್ರದಂತೆ ದೆಹಲಿಯ ಮೇಲೆ ಹಾದುಹೋಗುತ್ತದೆ. ಆಗ ನಾವು ಮಗಳನ್ನು ಕರೆದುಕೊಂಡು ಕ್ವಾರ್ಟರ್ಸಿನ ತಾರಸಿಗೆ ಹೋಗುತ್ತೇವೆ. ಮೊನ್ನೆ ಅವಳು, “ತಾತ ಹೇಳಿದ ನಿಮ್ಮ ತುಂಡು ಎಲ್ಲಪ್ಪಾ?” ಎಂದಳು. ಬೆರಳು ಮಾಡಿ ತೋರಿಸುವಷ್ಟರಲ್ಲಿ ಅದು ಎದುರು ಬ್ಲಾಕಿನ ನೀರಿನ ಟ್ಯಾಂಕಿನ ಹಿಂದೆ ಸರಿದುಹೋಗಿತ್ತು.